ಗುಮ್ಮಟದ ಮೆಟ್ಟಿಲಲ್ಲಿ ಕೂತ ಈರಮ್ಮ

ಗೋಳಗುಮ್ಮಟ ಹತ್ತುತ್ತಿದ್ದ ಈರಮ್ಮ ಅರ್ಧದಲ್ಲೇ ಕೂತುಬಿಟ್ಟರು. ಹಿಂದೆ ಬರುತ್ತಿದ್ದವರು ಗೊಣಗಿದರು. (ಆ ಮೆಟ್ಟಿಲು ಎಷ್ಟು ಕಿರಿದು, ಎಷ್ಟು ಎತ್ತರ ಎಂಬುದು ಹತ್ತಿದವರಿಗೇ ಗೊತ್ತು.)

ಕಳೆದ ವಾರದ ಮಾತು. ಕೊಟ್ಟೂರಿನಿಂದ ಒಂದು ಬಸ್ಸು ಜನ ಟೂರ್ ಹೊರಟಿದ್ದೆವು. ಬಾದಾಮಿ, ಬಿಜಾಪುರ, ಗುಲ್ಬರ್ಗ, ಬೀದರ್. ನಮಗೆ ಹಂಪಿ ಮನೆಯ ಹಿತ್ತಲಿದ್ದಂತೆ. ಬೇರೆ ಹಳೆಯ ಪಟ್ಟಣ ನೋಡಬೇಕೆಂದರೆ ಉತ್ತರಕ್ಕೇ ಹೋಗಬೇಕು. ಅಡುಗೆಗೆ ಬಂದವರು ತಂಬ್ರಹಳ್ಳಿಯ ಈರಮ್ಮ. ವಯಸ್ಸು ಅರವತ್ತರ ಆಸುಪಾಸು.

ಬಾದಾಮಿಯಲ್ಲಿ ನನ್ನ ಹೆಂಡತಿ ಅವರನ್ನು ಸುಮ್ಮನೆ ಮಾತಿಗೆಳೆದಳು. ಗಂಡ ತೀರಿಕೊಂಡಾಗಿನಿಂದ ಪ್ರತಿ ಬೇಸಿಗೆಯೂ ಈ ಟೂರಿಗೆ ಬರುತ್ತಿದ್ದಾರಂತೆ. ಹಾಗಾದರೆ ಎಲ್ಲ ನೋಡಿರಬೇಕಲ್ಲ? ಬಾದಾಮಿಯಲ್ಲಿ ಪಾತ್ರೆ ತೊಳೆಯುವ ಹೊಂಡ ನೋಡಿದ್ದರು, ಗುಹೆ ನೋಡಿರಲಿಲ್ಲ. ಬೀದರಿನಲ್ಲಿ ಕೋಟೆಯ ಹೊರಗಿನ ಬೇವಿನ ಮರ ಗೊತ್ತು, ಅಷ್ಟೇ. ಜನ ಇಳಿದ ಕೂಡಲೇ ಒಲೆ ಹಚ್ಚಬೇಕು, ಅವರು ಬರುವಷ್ಟರಲ್ಲಿ ಅನ್ನ, ಸಾರು ಆಗಿರಬೇಕು. ಇನ್ನು ನೋಡುವುದು ಯಾವಾಗ?

ರಜೆ ಬಂತೆಂದರೆ ಓದುಗರಾದ ನೀವು ನನ್ನನ್ನು ಕೇಳುತ್ತೀರಿ, ಯಾವ ಊರು ನೋಡಬೇಕು ಸಾರ್ ಅಂತ. ಬೀದರ್ ಮಿಸ್ ಮಾಡಬೇಡಿ ಎಂದು ನಾನೂ ದೊಡ್ಡದಾಗಿ ಹೇಳುತ್ತೇನೆ. ಜೊತೆಗೆ ಬಂದವರೆಲ್ಲ ಬಸ್ಸಿಳಿದು ಬಂದರಾ ನೋಡಿ ಎಂದು ಯಾರು ಹೇಳುತ್ತಾರೆ?

ಬಿಜಾಪುರದಲ್ಲಿ ಗುಮ್ಮಟದ ಹೊರಗೆ ಬಸ್ಸಿನ ಪಕ್ಕ ಹೂಡಿದ ಒಲೆಯ ಮುಂದೆ ಹೆಂಡತಿ ತಾನೇ ಕೂತಳು. "ಅನ್ನ ನಾವು ಬಸೀತೀವಿ. ನೀವು ಹೋಗಿ ನೋಡ್ಕೆಂಡು ಬರ್ರಿ" ಅಂದಳು. ಈರಮ್ಮ ಮುಖ ತೊಳೆದು, ತಲೆ ಬಾಚಿಕೊಂಡು ನನ್ನ ಜೊತೆ ಹೊರಟರು.

ಒಳಗೆ ತಲೆಯೆತ್ತಿ ಬಹಳ ಹೊತ್ತು ನಿಂತರು. ಮೇಲೆ ಯಾರೋ ಕೂಗಿದ್ದು ಮತ್ತೆ ಮತ್ತೆ ಕೇಳಿಸಿದಾಗ ನಕ್ಕರು. ತಾವೂ ಒಮ್ಮೆ ಕೂಗಬೇಕು ಅಂದರು. ಅದೇ ಹುರುಪಿನಲ್ಲಿ ಹತ್ತತೊಡಗಿದ್ದು. ಅರ್ಧಕ್ಕೆ ಬರುವಷ್ಟರಲ್ಲಿ ಮೊಣಕಾಲು ಹಿಡಿದುಕೊಂಡಿತು.

ಕಾದೆ. ನೀರು ಕೊಟ್ಟೆ. ಕೈಹಿಡಿದು ಎಬ್ಬಿಸಲು ನೋಡಿದೆ. ಆಗಲಿಲ್ಲ.

"ಕಾಲು ಗಟ್ಟಿ ಇದ್ದಾಗ ಯಾರೂ ಕರೀಲಿಲ್ರಿ" ಅಂದರು. "ಈಗ ನೀವು ಕರದ್ರಿ, ಕಾಲು ಏಳವಲ್ಲವು."

ದೂರು ಹೇಳುವ ದನಿಯಲ್ಲ. ಸಾರಿಗೆ ಉಪ್ಪು ಕಡಿಮೆ ಅನ್ನುವ ಹಾಗೆ ಹೇಳಿದರು.

ನೀವಾದರೂ ಹೋಗಿ ಎಂದು ಒತ್ತಾಯ ಮಾಡಿ ಕಳಿಸಿದರು. ಹೋದೆ. ಮೇಲೆ ನಮ್ಮ ಬಸ್ಸಿನವರು ತಂತಮ್ಮ ಹೆಸರು ಕೂಗಿಕೊಂಡು ಖುಷಿಪಡುತ್ತಿದ್ದರು. ನಾನೂ ಸೇರಿಕೊಂಡೆ.

ಇಳಿದು ಬಂದಾಗ ಈರಮ್ಮ ಅಲ್ಲೇ ಗೋಡೆಗೊರಗಿ ಕೂತಿದ್ದರು. ಗುಮ್ಮಟದ ಸುದ್ದಿ ಕೇಳಲೇ ಇಲ್ಲ.

"ಮ್ಯಾಲಿಂದ ನಮ್ಮ ಒಲಿ ಕಾಣ್ತೈತೇನ್ರಿ?" ಅಂದರು.

ಅಷ್ಟು ಜನ ಹತ್ತಿದ್ದೆವಲ್ಲ, ಕೆಳಗೆ ನೋಡಿದವರು ಯಾರಿದ್ದರು?