ಮೋಟಾರ್ ಗುರುಮಲ್ಲಪ್ಪನವರು
ಕೊಳ್ಳೇಗಾಲದ ಬಸ್ ಸ್ಟ್ಯಾಂಡ್ ಹಿಂದೆ ಮೋಟಾರ್ ರಿಪೇರಿ ಮಾಡುವ ಗುರುಮಲ್ಲಪ್ಪನವರು ಯಾವ ಯಂತ್ರವನ್ನೂ ನಿಂತು ನೋಡುವವರಲ್ಲ. ಮೊದಲು ಸ್ಟೂಲ್ ಕೇಳುತ್ತಾರೆ, ಆಮೇಲೆ ಟೀ ಕೇಳುತ್ತಾರೆ, ಟೀ ಮುಗಿದ ಮೇಲೆ ನಿಟ್ಟುಸಿರು ಬಿಡುತ್ತಾರೆ. ಅರ್ಧ ಆಯಸ್ಸನ್ನು ರೇಷ್ಮೆ ಕಾರ್ಖಾನೆಯ ಗದ್ದಲದಲ್ಲೇ ಕಳೆದವರು. ಮಿಕ್ಸಿ ಇರಲಿ, ನೀರಿನ ಪಂಪು ಇರಲಿ, "ಇದ್ಕೂ ಸಾಕಾಯ್ತು ಕಣ್ರಿ, ನಂಗೂ ಸಾಕಾಯ್ತು" ಎಂಬುದೇ ಅವರ ಮೊದಲ ತಪಾಸಣೆ. ಏನಾಗಿದೆ ಎಂದು ಎಷ್ಟು ಸಲ ಕೇಳಿದರೂ ಉತ್ತರ ಬರುವುದಿಲ್ಲ. ಊರವರು ಅದನ್ನು ಜಂಬ ಎನ್ನುತ್ತಾರೆ. ನಮ್ಮ ಬೇಕರಿಯಲ್ಲಿ ಊಟಿಯ ಕ್ಲಬ್ಬೊಂದರಿಂದ ತಂದ ಹಳೆಯ ಪಿನ್‌ಬಾಲ್ ಯಂತ್ರವಿದೆ. ಗಾಜಿನಡಿ ಉಕ್ಕಿನ ಗುಂಡು ಓಡಾಡುವ ಆ ಮೇಜಿನ ನಡುವೆ ಪುಟ್ಟ ಸೇತುವೆಯೊಂದು ಮೋಟಾರಿನಿಂದ ಎದ್ದು ಇಳಿಯಬೇಕು. ಮೊನ್ನೆ ಅದು ಬಿಡುವಿಲ್ಲದೆ ಎದ್ದು ಇಳಿದು ಮಾಡತೊಡಗಿತು. ಗುರುಮಲ್ಲಪ್ಪನವರು ಮೋಟಾರು ಬಿಚ್ಚಿ ನೋಡಿ, "ಇದ್ರುದ್ದೇನೂ ತಪ್ಪಿಲ್ಲ. ನಿಂತ್ಕೊ ಅನ್ನೋರು ಯಾರೂ ಇಲ್ಲ, ದುಡೀತಾನೇ ಅದೆ" ಎಂದರು. ಸೇತುವೆ ಇಳಿದಾಗ ಮೋಟಾರನ್ನು ನಿಲ್ಲಿಸುವ ಸ್ವಿಚ್ಚಿನ ತಗಡು ಬಾಗಿತ್ತು. ಅದನ್ನು ನೆಟ್ಟಗೆ ಮಾಡಿ, ಉಜ್ಜಿ, ಗುಂಡು ಬಿಟ್ಟರು. ಸೇತುವೆ ಎದ್ದಿತು, ಗುಂಡು ಅದರಡಿ ನುಸುಳಿತು, ಸೇತುವೆ ಇಳಿದು ನಿಂತಿತು, ಒಳಗಿನ ಗಂಟೆ ಬೇಕರಿಯೆಲ್ಲ ತುಂಬುವ ಹಾಗೆ ಹೊಡೆಯತೊಡಗಿತು. ಅವರು ಮಾತ್ರ ಯಂತ್ರವನ್ನು ಬಿಟ್ಟು, ನನ್ನ ಹೆಂಡತಿ ದೀಪಳ ಮುಖವನ್ನೇ ನೋಡುತ್ತಿದ್ದರು. "ಗಂಟೆ ಬಡೀತಾ ಅದೇನವ್ವ?" ಎಂದು ಮೆಲ್ಲಗೆ ಕೇಳಿದರು. ಗಂಟೆ ಇನ್ನೂ ಹೊಡೆಯುತ್ತಲೇ ಇತ್ತು. ದೀಪ ಬಾಯಿ ತೆರೆದವಳು, ಮಾತು ನುಂಗಿಕೊಂಡು, ಅವರಿಗೆ ಕಾಣುವ ಹಾಗೆ ತಲೆಯಾಡಿಸಿದಳು.