ಮೂರು ಬಾಟಲಿ, ಒಂದೇ ರೋಗಾಣು

ಸುನಂದ ಪರೀಕ್ಷಾ ತಟ್ಟೆಗಳನ್ನು ಮೂರನೆಯ ಸಲ ಬೆಳಕಿಗೆ ಹಿಡಿದಳು. ಔಷಧಕ್ಕೆ ರೋಗಾಣು ಸತ್ತಿದ್ದರೆ ತಟ್ಟೆಯಲ್ಲಿಟ್ಟ ಔಷಧದ ಬಿಲ್ಲೆಯ ಸುತ್ತ ತಿಳಿಯಾದ ಉಂಗುರ ಕಾಣಬೇಕಿತ್ತು. ಮೂರು ತಟ್ಟೆಗಳಲ್ಲೂ ಮಾತ್ರೆಯಾಗಿ ಸಿಗುವ ಯಾವ ಔಷಧದ ಸುತ್ತಲೂ ಉಂಗುರವಿರಲಿಲ್ಲ. ಇಂಜೆಕ್ಷನ್ನಿನ ಒಂದೇ ಒಂದು ಮದ್ದಿಗೆ ಅದು ಬಗ್ಗಿತ್ತು.

ಕೋಲಾರದ ಆ ಪ್ರಯೋಗಾಲಯದಲ್ಲಿ ಅವಳಿಗೆ ಆರು ವರ್ಷ. ಮಾತ್ರೆಗೆ ಬಗ್ಗದ ಮೂತ್ರದ ಸೋಂಕು ದುಡಿಯುವ ಹೆಂಗಸರಲ್ಲಿ ಎಷ್ಟಿದೆ ಎಂದು ಹುಡುಕುವುದು ಅವಳ ಸಂಶೋಧನೆ. ತಟ್ಟೆಗೆ ಹಾಕಿದ ಮೂತ್ರದ ಈ ಮೂರು ಬಾಟಲಿ ಬಂದದ್ದು ವೇಮಗಲ್ ರಸ್ತೆಯ ಒಂದೇ ಟೊಮೆಟೊ ಶೆಡ್ಡಿನಿಂದ. ಬಾಟಲಿಗಳ ಮೇಲಿನ ಹೆಸರುಗಳು ಅಂಜಮ್ಮ, ಗಂಗಾಲಕ್ಷ್ಮಿ, ಶಾಮಲಮ್ಮ.

"ಒಬ್ರಿಂದ ಒಬ್ರಿಗೆ ಹರಡ್ತಾ ಇದೆ ಕಣಮ್ಮ. ಒಳ್ಳೇ ಪೇಪರ್ ಆಗತ್ತೆ," ಎಂದರು ಅವಳ ಮೇಲಧಿಕಾರಿ ವೇಣುಗೋಪಾಲ್ ಸರ್.

ಸುನಂದಳ ತಲೆಯಲ್ಲಿ ಪೇಪರ್ ಇರಲಿಲ್ಲ. ಬಾಟಲಿ ತಂದು ಆಗಲೇ ಮೂರು ದಿನ. ಸೋಂಕು ಮೂತ್ರಪಿಂಡಕ್ಕೆ ಏರಿದರೆ ಜೀವಕ್ಕೇ ಕುತ್ತು. ಶೆಡ್ಡಿಗೆ ಹೊರಟ ಬಸ್ಸಿನಲ್ಲಿ ನಿಂತೇ ಅತ್ತೆಗೆ ಫೋನ್ ಮಾಡಿ ಸಾರು ಯಾವ ಪಾತ್ರೆಯಲ್ಲಿದೆ ಎಂದು ಹೇಳಿದಳು. ಗಂಡನಿಗೆ ಅವತ್ತು ರಜೆ, ಮನೆಯಲ್ಲೇ ಇದ್ದ. ಅವನಿಗೆ ಹೇಳಬಹುದೆಂದು ಅತ್ತೆಗೂ ಹೊಳೆಯಲಿಲ್ಲ, ಸೊಸೆಗೂ ಹೊಳೆಯಲಿಲ್ಲ.

ಶೆಡ್ಡಿನಲ್ಲಿ ಗಂಗಾಲಕ್ಷ್ಮಿ, ಶಾಮಲಮ್ಮ ಟೊಮೆಟೊ ಆಯುತ್ತ ತೆಲುಗಿನಲ್ಲಿ ಏನೋ ಹೇಳಿಕೊಂಡು ನಗುತ್ತಿದ್ದರು. ಜ್ವರವಿಲ್ಲ, ಉರಿಯಿಲ್ಲ.

"ನಿಮಗೇನೂ ಆಗ್ತಿಲ್ವಾ?"

"ಸೊಂಟ ನೋಯುತ್ತೆ. ಅದು ಮದುವೆ ಆದಾಗಿಂದ ಇದ್ದಿದ್ದೇ," ಅಂದಳು ಗಂಗಾಲಕ್ಷ್ಮಿ.

"ಮತ್ತೆ ನಿಮ್ಮ ಬಾಟಲೀಲಿ..." ಸುನಂದ ಅರ್ಧಕ್ಕೇ ನಿಂತಳು. ಇಬ್ಬರೂ ಮುಖ ಮುಖ ನೋಡಿಕೊಂಡರು.

ಶಾಮಲಮ್ಮ ತಲೆ ತಗ್ಗಿಸಿ ಹೇಳಿದಳು: "ಬಯ್ಬೇಡಿ ಮೇಡಂ. ನಮಗೆ ಬರ್ಲೇ ಇಲ್ಲ. ನೀವು ಅಷ್ಟು ದೂರದಿಂದ ಬಂದಿದ್ರಿ, ಬರೀ ಬಾಟ್ಲಿ ಹೆಂಗೆ ಕೊಡೋದು? ಅಂಜಮ್ಮಕ್ಕನೇ ಮೂರೂ ತುಂಬಿಸಿಕೊಟ್ಳು."

"ಬರ್ಲಿಲ್ಲ ಅಂದ್ರೆ?"

"ಬೆಳಿಗ್ಗೆ ಮನೆ ಬಿಟ್ಟ ಮೇಲೆ ನೀರು ಮುಟ್ಟಲ್ಲ. ಕುಡಿದ್ರೆ ಎಲ್ಲಿಗೆ ಹೋಗೋದು? ಗಂಡಸರು ಗೋಡೆ ನೋಡ್ಕೊಂಡು ನಿಂತ್ಕೋತಾರೆ."

ಸುನಂದಳಿಗೆ ಸಿಟ್ಟು ಬಂತು, ಅದರ ಹಿಂದೆಯೇ ಭಯ. ಅಂಜಮ್ಮನಿಗೆ ಅಷ್ಟು ಸುಲಭವಾಗಿ ಬಂದದ್ದು ಯಾಕೆಂದು ಈಗ ತಿಳಿಯಿತು. ಗಳಿಗೆಗೊಮ್ಮೆ ಬರುವುದೇ ಆ ಕಾಯಿಲೆ.

ಅಂಜಮ್ಮ ಕ್ರೇಟುಗಳ ಹಿಂದೆ, ಖಾಲಿ ಚೀಲದ ಮೇಲೆ ಮುದುರಿ ಕೂತಿದ್ದಳು. ಹಣೆ ಕಾದ ಹೆಂಚಿನಂತಿತ್ತು. ಸುನಂದ ಬೆನ್ನಿನ ಪಕ್ಕ ಕೈಯಿಟ್ಟಾಗ ಅಂಜಮ್ಮ ಹಲ್ಲು ಕಚ್ಚಿದಳು.

"ಮೆಡಿಕಲ್ ಅಂಗಡೀಲಿ ಮಾತ್ರೆ ತಗೊಂಡಿದೀನಿ," ಎಂದು ಸೆರಗಿನ ಗಂಟು ಬಿಚ್ಚಿದಳು. ನಾಲ್ಕು ಬಗೆಯ ಮಾತ್ರೆ, ಒಂದೊಂದರಲ್ಲೂ ಎರಡು, ಮೂರು. ಉರಿ ಕಮ್ಮಿಯಾದರೆ ಉಳಿದದ್ದನ್ನು ಮುಂದಿನ ಸಲಕ್ಕೆ ಕಟ್ಟಿಡುತ್ತಿದ್ದಳು. ಮಗಳ ಕೆಮ್ಮಿಗೂ ಅದರಲ್ಲೇ ಒಂದನ್ನು ಕೊಟ್ಟಿದ್ದಳಂತೆ.

"ಇವು ಯಾವುವೂ ಕೇಳಲ್ಲ ಅಂಜಮ್ಮ. ಆಸ್ಪತ್ರೇಲಿ ಸೇರ್ಕೋಬೇಕು. ಏಳು ದಿನ ಇಂಜೆಕ್ಷನ್."

"ಏಳು ದಿನಾನಾ? ಹೆರಿಗೆಗೇ ಮೂರು ದಿನ ಇದ್ದೆ." ಅಂಜಮ್ಮ ನಗಲು ಹೋಗಿ ಕೆಮ್ಮಿದಳು. "ಒಂದು ಇಂಜೆಕ್ಷನ್ ಹಾಕ್ಸಿ ಕಳಿಸ್ಬಿಡಿ."

"ಒಂದು ಹಾಕಿದ್ರೆ ಜ್ವರ ಇಳಿಯುತ್ತೆ, ನೀವು ಬರೋದು ಬಿಡ್ತೀರಿ. ಆಮೇಲೆ ಇದೊಂದು ಮದ್ದೂ ಕೇಳಲ್ಲ. ನನ್ನ ಹತ್ರ ಬೇರೆ ಇಲ್ಲ."

ಗಂಗಾಲಕ್ಷ್ಮಿ ಕೈಯಲ್ಲಿದ್ದ ಟೊಮೆಟೊ ಕೆಳಗಿಟ್ಟಳು. "ಹೋಗಕ್ಕ. ಮಗೂನ ನಮ್ಮನೆಗೆ ಕರ್ಕೊಂಡು ಹೋಗ್ತೀನಿ. ನಿನ್ ಗಂಡನ್ನ ಮಾತ್ರ ನಾನು ಕರ್ಕೊಂಡು ಹೋಗಲ್ಲ."

ಆಟೋ ಸಿಗಲು ಕಾಲು ಗಂಟೆ ಹಿಡಿಯಿತು. ಹತ್ತುವಾಗಲೇ ವೇಣುಗೋಪಾಲ್ ಸರ್ ಫೋನು. "ಮೂರಲ್ಲ ಸರ್, ಒಂದೇ. ಹರಡಿಲ್ಲ. ಪೇಪರೂ ಇಲ್ಲ," ಎಂದು ಸುನಂದ ಇಟ್ಟುಬಿಟ್ಟಳು. ಬಾಟಲಿ ತುಂಬುವಾಗ ತಾನು ಹತ್ತಿರವೇ ನಿಂತಿರಬೇಕಿತ್ತು. ಹಿಂದಿನ ಶೆಡ್ಡುಗಳ ಬಾಟಲಿಗಳನ್ನು ಯಾರು ಯಾರಿಗೆ ತುಂಬಿಸಿಕೊಟ್ಟರೋ? ಆರು ವರ್ಷದ ಕೆಲಸ ಕಣ್ಣ ಮುಂದೆ ಅಲುಗಾಡಿತು.

ಅಷ್ಟರಲ್ಲಿ ಅಂಜಮ್ಮನ ಫೋನು ಹೊಡೆದುಕೊಂಡಿತು. ಗಂಡ ಅಶ್ವತ್ಥಪ್ಪ; ಗಂಗಾಲಕ್ಷ್ಮಿ ಆಗಲೇ ಅವನಿಗೆ ಸುದ್ದಿ ಮುಟ್ಟಿಸಿದ್ದಳು.

"ಸಾಯಂಕಾಲಕ್ಕೆ ಬಂದ್ಬಿಡ್ತೀಯಲ್ಲ?"

"ಇಲ್ಲ. ಏಳು ದಿನ."

"ಮುದ್ದೆ?"

ಅಂಜಮ್ಮ ಸುನಂದಳ ಮುಖ ನೋಡಿದಳು. ಆಮೇಲೆ ರಸ್ತೆ ನೋಡಿದಳು.

"ನೀನೇ ತಿರುವ್ಕೋ," ಎಂದು ಕಟ್ ಮಾಡಿದಳು. ಮತ್ತೆ ಹೊಡೆದುಕೊಳ್ಳುತ್ತದೋ ಎಂದು ಫೋನನ್ನು ಆಸ್ಪತ್ರೆ ಬರುವವರೆಗೂ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು.