ಯಜಮಾನರೂ ಹೋದರು

ಅರವತ್ತರ ದಶಕದ ಆರಂಭದಲ್ಲಿ ನಾನು ಜಯನಗರದಲ್ಲಿದ್ದ ಭೂಸ್ವಾಧೀನದ ಕಚೇರಿಯೊಂದರಲ್ಲಿ ಅನುವಾದದ ಗುಮಾಸ್ತನಾಗಿದ್ದೆ. ಹೊಸ ಬಡಾವಣೆಗೆ ಹೊಲ ಬಿಟ್ಟುಕೊಡಬೇಕಾದವರ ಹೇಳಿಕೆಗಳನ್ನು ಇನ್ನೊಬ್ಬರು ಹಳ್ಳಿಗೆ ಹೋಗಿ ಬರೆದು ತರುತ್ತಿದ್ದರು. ಕನ್ನಡ ಬಾರದ ಸಾಹೇಬರಿಗಾಗಿ ನಾನು ಅವನ್ನು ಇಂಗ್ಲಿಷಿಗೆ ತಿರುಗಿಸುತ್ತಿದ್ದೆ. ಸಂಜೆ ತ್ಯಾಗರಾಜನಗರದ ಮನೆಗೆ ನಡೆದು ಹೋಗುವಾಗ ಯಾವ ಭಾಷೆಯಲ್ಲೂ ಮಾತು ಬೇಡವೆನಿಸುತ್ತಿತ್ತು.

ಉತ್ತರಹಳ್ಳಿ ಕಡೆಯ ಒಬ್ಬ ಹೆಂಗಸಿನ ಹೇಳಿಕೆ ಹೀಗಿತ್ತು: ‘ಮೈದುನ ಜಗಳ ಆಡಿ ಮದರಾಸಿಗೆ ಹೋದ. ಅದೇ ವರ್ಷ ಯಜಮಾನರೂ ಹೋದರು. ಈಗ ಹೊಲ ನೋಡುವವಳು ನಾನೊಬ್ಬಳೇ.’

ಗಂಡನೂ ಮದರಾಸಿಗೆ ಹೋಗಿದ್ದಾನೆಂದು ಬರೆದೆ. ಎರಡನೇ ಸಲ ಓದಲಿಲ್ಲ. ಅವನು ಮದರಾಸಿನಿಂದ ಬಂದು ಸಹಿ ಹಾಕಲಿ ಎಂದು ಸಾಹೇಬರು ನೋಟೀಸು ಕಳಿಸಿದರು.

ಹದಿನೈದು ದಿನದ ಮೇಲೆ ಆಕೆ ಅದನ್ನು ಹಿಡಿದು ಬಂದಳು. ಬರಿದಾದ ಹಣೆ ನೋಡಿದ ಕೂಡಲೇ ನನಗೆ ಗೊತ್ತಾಯಿತು.

“ಸ್ವಾಮಿ, ನಮ್ಮ ಯಜಮಾನ್ರು ಮದರಾಸಲ್ಲವ್ರೆ ಅಂತ ಯಾರು ಹೇಳಿದ್ರು?”

“ನಂದೇ ತಪ್ಪಮ್ಮ. ನಾನೇ ಹಾಗೆ ಬರೆದೆ.”

ಆಕೆ ಬೈಯಲಿಲ್ಲ. “ನಮ್ಮತ್ತೆಗೆ ಕಣ್ಣು ಕಾಣಾಕಿಲ್ಲ. ಊರಿನೋರು ಈ ಕಾಗದ ಓದಿದ್ದು ಕೇಳುಸ್ಕೊಂಡು, ಮಗ ಬತ್ತಾನೆ ಅಂತ ಬಾಗಿಲಲ್ಲೇ ಕುಂತವ್ರೆ. ನಾನು ಹೇಳಿದ್ರೆ ಕೇಳಾಕಿಲ್ಲ,” ಎಂದಳು.

ಒಳಗೆ ಹೋಗಿ ಸಾಹೇಬರಿಗೆ ತಪ್ಪೊಪ್ಪಿಕೊಂಡೆ. “ಸಾವಿಗೆ ನಿಮ್ಮ ಭಾಷೆಯಲ್ಲಿ ಪದ ಇಲ್ಲವೇ?” ಎಂದರು.

“ಇದೆ ಸಾರ್. ಗಂಡನ ವಿಷಯದಲ್ಲಿ ಹೆಂಡತಿ ಅದನ್ನು ಬಾಯಲ್ಲಿ ಆಡೋದಿಲ್ಲ.”

“ಮತ್ತೆ ನಿಮಗೆ ತಿಳಿಯೋದು ಹೇಗೆ?”

ಎದುರಿಗಿದ್ದರೆ ಮುಖ ನೋಡಿ ತಿಳಿಯುತ್ತದೆ ಎಂದೆ. ಅವರು ಫೈಲು ಮುಚ್ಚಿ, ಮರಣದ ದಾಖಲೆ ತರಿಸಿ ಎಂದರು.

ಆ ಭಾನುವಾರ ಸೈಕಲ್ ಹತ್ತಿ ಅವರ ಊರಿಗೆ ಹೋದೆ. ಮುದುಕಿ ಹೊಸ್ತಿಲ ಪಕ್ಕ ಗೋಡೆಗೊರಗಿ ಕೂತಿದ್ದಳು. ಕಚೇರಿಯವನೆಂದು ತಿಳಿದು ನನ್ನ ಕೈ ಹಿಡಿದುಕೊಂಡಳು. ನನ್ನ ತಪ್ಪನ್ನು ಮೂರು ರೀತಿಯಲ್ಲಿ ಹೇಳಿದೆ. ‘ತೀರಿಕೊಂಡರು’ ಎಂದೂ ಹೇಳಿದೆ. ಅಷ್ಟೂ ಕೇಳಿದ ಮೇಲೆ, “ಸರ್ಕಾರದ ಕಾಗದದಲ್ಲಿ ಸುಮ್‌ಸುಮ್ನೆ ಬರೀತಾರಾ ಮಗಾ?” ಎಂದಳು.

ಸೊಸೆ ಮಜ್ಜಿಗೆ ತಂದಿಟ್ಟಳು. ಕುಡಿಯಲೂ ಆಗಲಿಲ್ಲ, ಬಿಡಲೂ ಆಗಲಿಲ್ಲ.

ದಾಖಲೆ ಸಿಕ್ಕಿ ಫೈಲು ಮುಂದೆ ಹೋಗಲು ಎಂಟು ತಿಂಗಳು ಹಿಡಿಯಿತು. ಆಕೆ ಕೊನೆಯ ಸಹಿಗೆ ಬಂದಾಗ ಅತ್ತೆ ಹೇಗಿದ್ದಾರೆ ಎಂದು ಕೇಳಿದೆ. “ಈಗ ಒಳಗೇ ಮಲಗ್ತಾರೆ,” ಎಂದಳು. ಅದರ ಅರ್ಥ ಸಮಾಧಾನವೋ ಕಾಯಿಲೆಯೋ ತಿಳಿಯಲಿಲ್ಲ. ಕೇಳಬೇಕೆಂದುಕೊಂಡೆ. ಅಷ್ಟರಲ್ಲಿ ಜವಾನ ಬಂದು ಆ ದಿನದ ಹೇಳಿಕೆಗಳ ಕಟ್ಟನ್ನು ನನ್ನ ಮೇಜಿನ ಮೇಲಿಟ್ಟ.